ಝಳ ಇಲ್ಲಂದ್ರೂ ಬಿಸಲು ಸುಡ್ತೈತಿ: ಹೊರಗ ತಿರುಗಾಡೋರು ಚರ್ಮ ಕಾಯ್ಕೊಳ್ಳೋದು ಹ್ಯಾಂಗ

ಎಳ್ಳ ಅಮವಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಿ ಬಂದ ಮರುದಿನ ಮನ್ಯಾಗ ಒಬ್ಬರಿಬ್ಬರ ಮಾರಿ ಕೆಂಪಗಾಗಿ ಉರೀತಿರ್ತೈತಿ, ಮೂಗಿನ ತುದಿ ಸಿಪ್ಪಿ ಏಳ್ತೈತಿ, ಕೇಳಿದ್ರ ಗಾಳಿ ಹೊಡದೈತಿ ಅಂತಾರ, ಚಳಿಗೆ ಒಡದೈತಿ ಅಂತಾರ, ಬಿಸಲಿಗೆ ಸುಟ್ಟೈತಿ ಅಂತ ಮಾತ್ರ ಯಾರೂ ಅನ್ನಂಗಿಲ್ಲ. ಅವತ್ತು ಝಳಾ ಎಲ್ಲಿತ್ತು? ತಂಪ ಗಾಳಿ ಬೀಸ್ತಿತ್ತು, ಬನ್ನಿ ಗಿಡದ ಬುಡಕ ಪೂಜಾ ಆತು, ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹೋಳಿಗಿ ಹೊಡದು ಬದುವಿನ ಮ್ಯಾಲ ಹರಟಿ ಹೊಡಕೋತ ಕುಂತ್ರ ಮಧ್ಯಾಹ್ನ ಹ್ಯಾಂಗ ಹೋತು ಗೊತ್ತ ಆಗಿರಂಗಿಲ್ಲ. ಅದ ಮಂದಿ ಏಪ್ರಿಲ್‌ದಾಗ ಅಂಗಳಕ್ಕ ಕಾಲಿಡಬೇಕಾದ್ರೂ ತಲಿ ಮ್ಯಾಲ ಟಾವೆಲ್ ಹಾಕ್ಕೋತಾರ.

ನಮ್ಮ ವಿಜಯಪುರ, ಬಾಗಲಕೋಟಿ ಕಡೆ ಬಿಸಲನ್ನ ನಾವು ಝಳದ ಮ್ಯಾಲ ಅಳೀತೀವಿ. ಮೈ ಬೆವತ್ರ ಬಿಸಲು ಜೋರು, ಬೆವರ್ಲಿಲ್ಲಂದ್ರ ಬಿಸಲು ಇಲ್ಲ. ಆದ್ರ ಚರ್ಮ ಸುಡೋದು ಝಳ ಅಲ್ರಿ. ಸೂರ್ಯನಿಂದ ಬರೋದ್ರಾಗ ಕಣ್ಣಿಗೆ ಕಾಣೂ ಬೆಳಕು ಒಂದು, ಮೈಗೆ ಬಿಸಿ ಅನ್ಸೂದು ಒಂದು, ಇವೆರಡೂ ಅಲ್ಲದ ಮೂರನೇದು ಅಲ್ಟ್ರಾವಯಲೆಟ್ ಅಂದ್ರ ಯುವಿ ಕಿರಣ. ಈ ಮೂರನೇದು ಕಣ್ಣಿಗೂ ಕಾಣಂಗಿಲ್ಲ, ಬಿಸಿನೂ ಅನ್ಸಂಗಿಲ್ಲ, ಅದಕ್ಕ ಮೋಸ ಹೋಗ್ತೀವಿ. ಉರಿ ಶುರು ಆಗೋದೂ ಸುಟ್ಟ ಮೂರ್ನಾಕು ತಾಸಿನ ಮ್ಯಾಲ, ಅಷ್ಟೊತ್ತಿಗೆ ಮನಿಗೆ ಬಂದು ಚಾ ಕುಡ್ಯಾಕತ್ತಿರ್ತೀವಿ.

ಯುವಿದಾಗೂ ಎರಡು ಜಾತಿ ನೆಲದ ತನಕ ಬರ್ತಾವು. ಯುವಿ-ಬಿ ಅನ್ನೋದು ಚರ್ಮ ಕೆಂಪ ಮಾಡಿ ಸುಡೋದು. ಯುವಿ-ಎ ಅನ್ನೋದು ಒಳಗ ಆಳಕ್ಕ ಇಳದು ಚರ್ಮ ಸಡಲ ಮಾಡ್ತೈತಿ, ಸುಕ್ಕು ತರ್ತೈತಿ, ಕಪ್ಪು ಮಾಡ್ತೈತಿ. ನೆಲಕ್ಕ ಬರೋ ಯುವಿದಾಗ ಸುಮಾರು 95 ಪರ್ಸೆಂಟ್ ಯುವಿ-ಎನ. ಇದು ಕಾರಿನ ಸೈಡ್ ಗ್ಲಾಸು, ಬಸ್ಸಿನ ಕಿಡಕಿ ಗ್ಲಾಸು ದಾಟಿ ಬರ್ತೈತಿ, ತೆಳು ಮೋಡದಾಗಿಂದನೂ ಬರ್ತೈತಿ. ತೆಳು ಮೋಡ ಇದ್ದಾಗ 80 ಪರ್ಸೆಂಟ್ ತನಕ ಯುವಿ ಕೆಳಗ ಇಳೀಬಹುದು, ಹಂಗಾಗಿ ಮೋಡ ಐತಿ ಅಂತ ಜುಲೈ ಆಗಸ್ಟ್‌ದಾಗ ಗೋಕಾಕ ಫಾಲ್ಸ್, ಗೊಡಚಿನಮಲ್ಕಿ, ಖಾನಾಪುರ ಜಾಂಬೋಟಿ ಕಡೆ ಅರ್ಧ ತೋಳಿನ ಅಂಗ್ಯಾಗ ಇಡೀ ದಿನ ತಿರುಗಿದ್ರ ಕೈ ಕಪ್ಪಾಗೋದು ಗ್ಯಾರಂಟಿ. ಬೆಳಗಾವಿಯೋರು ನಮ್ಮದು ತಂಪ ಊರು ಅಂತ ಹೆಮ್ಮಿ ಪಡ್ತಾರ, ಪಡ್ಲಿ, ಆದ್ರ ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ ಐತಿ, ಎತ್ತರ ಹೋದಂಗ ಯುವಿ ಹೆಚ್ಚ ಆಗ್ತೈತೇ ಹೊರತು ಕಡಿಮಿ ಆಗಂಗಿಲ್ಲ, ಸಾವಿರ ಮೀಟರಿಗೆ ಹೆಚ್ಚೂ ಕಡಿಮಿ 10 ಪರ್ಸೆಂಟ್ ಲೆಕ್ಕದಾಗ.

ನೆರಳು ನೋಡಿ ಹೊರಗ ಬೀಳ್ರಿ

ಮೊಬೈಲ್‌ದಾಗ ಹವಾಮಾನ ತೋರ್ಸೋ ಆಪ್‌ನ್ಯಾಗ ಯುವಿ ಇಂಡೆಕ್ಸ್ ಅಂತ ಒಂದು ನಂಬರ್ ಇರ್ತೈತಿ, ಟೆಂಪರೇಚರ್ ನೋಡಿ ಮುಚ್ಚಿ ಬಿಡ್ತೀವಿ, ಸ್ವಲ್ಪ ಕೆಳಗ ಸರಿಸಿದ್ರ ಸಿಗ್ತೈತಿ. 2 ರ ತನಕ ಚಿಂತಿ ಇಲ್ಲ. 3 ಆತಂದ್ರ ಏನರ ಮರೆ ಬೇಕು. 8 ಆತಂದ್ರ ಭಾಳ ಜೋರು, 11 ಮತ್ತು ಅದರ ಮ್ಯಾಲ ಅಂದ್ರ ವಿಪರೀತ. ನಮ್ಮ ಕಡೆ ಬೇಸಿಗಿ ಮಧ್ಯಾಹ್ನ 11 ದಾಟೋದು ಮಾಮೂಲಿ, ಮೋಡ ಇಲ್ಲದ ಚಳಿಗಾಲದ ಮಧ್ಯಾಹ್ನನೂ 6-7 ಕ್ಕ ಹೋಗ್ತೈತಿ.

ಆಪ್ ಇಲ್ಲಂದ್ರೂ ನಡೀತೈತಿ, ನಿಮ್ಮ ನೆರಳು ನೋಡ್ಕೋರಿ. ಬಯಲಾಗ ನೆಟ್ಟಗ ನಿಂತಾಗ ನೆರಳು ನಿಮಗಿಂತ ಉದ್ದ ಇದ್ರ ಯುವಿ ಅಷ್ಟು ಜೋರಿಲ್ಲ, ನಿಮಗಿಂತ ಗಿಡ್ಡ ಆತಂದ್ರ ಜೋರ ಐತಿ ಅಂತ ತಿಳೀರಿ. ಇದು ಝಳಕ್ಕ ಸಂಬಂಧ ಇಲ್ಲದ ಲೆಕ್ಕ, ಚಳಿ ಇರ್ಲಿ ಗಾಳಿ ಇರ್ಲಿ ನೆರಳು ಸುಳ್ಳು ಹೇಳಂಗಿಲ್ಲ. ನಮ್ಮ ಮೂರೂ ಜಿಲ್ಲಾದಾಗ ಸೂರ್ಯ ನೆತ್ತಿಗೆ ಬರೋದು 12 ಕ್ಕ ಅಲ್ಲ, ಸುಮಾರು ಹನ್ನೆರಡೂವರಿಗೆ, ಯಾಕಂದ್ರ ಗಡಿಯಾರದ ಟೈಮ್ ಇರೋದು ನಮಗಿಂತ ಭಾಳ ಪೂರ್ವಕ್ಕಿರೋ ರೇಖಾಂಶದ ಲೆಕ್ಕದ ಮ್ಯಾಲ. ಮೇ ತಿಂಗಳದಾಗ ಮುಂಜಾನೆ ಒಂಬತ್ತೂಕಾಲಿಗೇ ನೆರಳು ಆಳಿಗಿಂತ ಗಿಡ್ಡ ಆಗ್ತೈತಿ, ಮೂರೂವರಿ ತನಕ ಹಂಗ ಇರ್ತೈತಿ. ಎಳ್ಳ ಅಮವಾಸಿ ಸುಮಾರಿಗೆ 11 ರಿಂದ ಹೆಚ್ಚೂ ಕಡಿಮಿ ಎರಡರ ತನಕ. ಚರಗ ಚೆಲ್ಲಿ ಊಟಕ್ಕ ಕೂಡೋದು ಕರೆಕ್ಟ್ ಇದ ಹೊತ್ತಿನ್ಯಾಗ, ತಿಳೀತಲ್ರಿ ಮೂಗು ಯಾಕ ಸಿಪ್ಪಿ ಏಳ್ತೈತಿ ಅಂತ.

ಇನ್ನೊಂದು ಮಾತು. ಏಪ್ರಿಲ್ ಮೇ ತಿಂಗಳು ವಿಜಯಪುರ ಬಾಗಲಕೋಟಿದಾಗ ಸರ್ಕಾರಿ ಆಫೀಸು ಮುಂಜಾನೆ 8 ರಿಂದ ಮಧ್ಯಾಹ್ನ ಒಂದೂವರಿ ತನಕ ಮಾಡ್ತಾರಲ್ಲ, ಚೊಲೋ ಐತಿ, ಆದ್ರ ಒಂದೂವರಿಗೆ ಆಫೀಸ್ ಬಿಟ್ಟು ಗಾಡಿ ಮ್ಯಾಲ ಮನಿಗೆ ಹೋಗೋದು ಯುವಿ ತುಂಬಿ ತುಳಕೋ ಹೊತ್ತಿನ್ಯಾಗ. ಮುಂಜಾನೆ ತಂಪ್ನ್ಯಾಗ ಬಂದೇವಿ ಅಂತ ಟೊಪ್ಪಿಗಿ, ತುಂಬ ತೋಳು ಮನ್ಯಾಗ ಬಿಟ್ಟು ಬರಬ್ಯಾಡ್ರಿ, ಹೋಗೋ ಹೊತ್ತು ನೋಡಿ ಬಟ್ಟಿ ಹಾಕ್ಕೋರಿ.

ಮೇ ಮೊದಲ ವಾರದಾಗ ನಮ್ಮ ಕಡೆ ಸೂರ್ಯ ಖರೇನ ನೆತ್ತಿ ಮ್ಯಾಲ ನಿಲ್ತಾನ, ನೆಟ್ಟ ಕಂಬಕ್ಕ ನೆರಳ ಇರಂಗಿಲ್ಲ. ಆಗಸ್ಟ್ ಮೊದಲ ಹದಿನೈದು ದಿನದಾಗ ಇನ್ನೊಮ್ಮೆ ಹಿಂಗ ಆಗ್ತೈತಿ, ಆದ್ರ ಆಗ ಮೋಡ ಇರ್ತೈತಿ ಅಂತ ಲಕ್ಷ್ಯಕ್ಕ ಬರಂಗಿಲ್ಲ. ಇದರಿಂದ ಟೂರ್ ಮಾಡೋರಿಗೆ ಏನ್ ಉಪಯೋಗ ಅಂದ್ರ, ಬೇಸಿಗಿ ಮಧ್ಯಾಹ್ನ ಗೋಡಿ ಬಾಜೂಕ ನಿಂತ್ರ ನೆರಳು ಸಿಗಂಗಿಲ್ಲ, ಗೋಡಿ ಎಷ್ಟ ಎತ್ತರ ಇದ್ರೂ ಅಷ್ಟ. ಛತ್ತು ಇರೋ ಜಾಗಾನ ಬೇಕು.

ಹಂಗಾಗಿ ಜಾಗಾ ನೋಡಿ ಹೊತ್ತು ಹಂಚ್ಕೋರಿ. ವಿಜಯಪುರಕ್ಕ ಬಂದ್ರ ಮುಂಜಾನೆ ಇಬ್ರಾಹಿಂ ರೋಜಾ ಮುಗಿಸ್ರಿ, ಅಂಗಳದಾಗ ಆರಾಮ ತಿರುಗಬಹುದು, ಮಧ್ಯಾಹ್ನಕ್ಕ ಗೋಳಗುಮ್ಮಟದ ಒಳಗ ಹೋಗ್ರಿ, ಮೂಲಿ ಗೋಪುರದಾಗಿನ ಮೆಟ್ಟಲು ಹತ್ತಿ ಪಿಸುಗುಟ್ಟೋ ಗ್ಯಾಲರಿಗೆ ಹೋದ್ರ ತಲಿ ಮ್ಯಾಲ ಅಷ್ಟ ದೊಡ್ಡ ಗುಮ್ಮಟ ಇರ್ತೈತಿ. ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು ಎರಡೂ ಬಯಲು, ಅವನ್ನ ಹೊತ್ತು ಇಳದ ಮ್ಯಾಲ ನೋಡ್ರಿ. ಬಾದಾಮಿ ಕಡೆ ಆದ್ರ ಭಾಳ ಮಂದಿ ಉಲ್ಟಾ ಮಾಡ್ತಾರ, ಮುಂಜಾನೆ ಗುಹಿ ನೋಡ್ತಾರ, ಮಧ್ಯಾಹ್ನ ಪಟ್ಟದಕಲ್ಲಿನ ಹುಲ್ಲ ಹಾಸಿನ ಬಯಲಿಗೆ ಹೋಗಿ ಬೇಯ್ತಾರ. ಪಟ್ಟದಕಲ್ಲು, ಐಹೊಳಿ ಮುಂಜಾನೆ ಮುಗಿಸಿ ಮಧ್ಯಾಹ್ನ ಬಾದಾಮಿ ಗುಹಿ ಇಟ್ಕೋರಿ, ನಡುವಿನ ಮೆಟ್ಟಲು ಬಿಟ್ರ ಒಳಗ ಬಂಡಿಗಲ್ಲಿನ ನೆರಳು. ಚಳಿಗಾಲದಾಗ ಬಾದಾಮಿ ಬಂಡಿ ಹತ್ತಾಕ ಹೊರಗಿನಿಂದ ಹುಡುಗ್ರು ಬರ್ತಾರ, ಅವರನ್ನ ನೋಡ್ರಿ ಬೇಕಾದ್ರ, ಬಿಸಲು ತಿರುಗಿದಂಗ ನೆರಳಿರೋ ಬಂಡಿ ಹುಡುಕ್ಕೋತ ಸರೀತಾರ. ಆಲಮಟ್ಟಿ ಗಾರ್ಡನ್ ಸಂಜಿಗೆ ಇಟ್ಕೋರಿ, ಕಾರಂಜಿ ನೋಡೋದೂ ಸಂಜಿಗೇ ಅಲ್ಲೇನು.

ಗಿಡದ ನೆರಳು ಅಂದ್ರ ಎಲ್ಲಾ ಒಂದ ಅಲ್ಲ. ಹುಣಸಿ, ಬೇವು, ಆಲದ ಗಿಡದ ಬುಡಕ ಗಟ್ಟಿ ನೆರಳು. ಜಾಲಿ, ಬನ್ನಿ ಗಿಡದ ಎಲಿ ಸಣ್ಣಸಣ್ಣ, ನೆಲದ ಮ್ಯಾಲ ಬೆಳಕಿನ ಚುಕ್ಕಿ ಕುಣೀತಿರ್ತಾವು, ಆ ಚುಕ್ಕಿ ನಿಮ್ಮ ಮಾರಿ ಮ್ಯಾಲೂ ಕುಣೀತಾವು. ಮ್ಯಾಲ ಆಕಾಶದ ನಾಕೂ ಕಡಿಯಿಂದ ಚದುರಿ ಬರೋ ಯುವಿ ಬ್ಯಾರೆ, ಅಂದ್ರ ಬಯಲಾಗ ಒಂದು ಛತ್ರಿ ಊರಿ ಕುಂತ್ರ ಅರ್ಧ ಕೆಲಸ ಆದಂಗ ಅಷ್ಟ.

ಬಸ್ಸಿನ ಸೀಟಿನ ಲೆಕ್ಕನೂ ಹೇಳಿ ಬಿಡ್ತೀನಿ, ಇದನ್ನ ಯಾರೂ ಹೇಳಂಗಿಲ್ಲ. ವಿಜಯಪುರದಿಂದ ಬಾಗಲಕೋಟಿಗೆ ಹೋಗೋದು ಹೆಚ್ಚು ಕಡಿಮಿ ದಕ್ಷಿಣಕ್ಕ. ಮುಂಜಾನೆ ಹೋದ್ರ ಬಿಸಲು ಎಡಕ್ಕ, ಬಲಗಡೆ ಕೂಡ್ರಿ, ಮಧ್ಯಾಹ್ನದ ಮ್ಯಾಲ ಹೋದ್ರ ಎಡಗಡೆ ಕೂಡ್ರಿ. ತಿರುಗಿ ಬರೋವಾಗ ಉಲ್ಟಾ. ಬೆಳಗಾವಿಯಿಂದ ಬಾಗಲಕೋಟಿ ಕಡೆ ಚಳಿಗಾಲದಾಗ ಹೋದ್ರ ಮಧ್ಯಾಹ್ನದ ಬಿಸಲು ಬಲಗಡೆ ಬೀಳ್ತೈತಿ, ಎಡಗಡೆ ಸೀಟು ಹಿಡೀರಿ. ಗ್ಲಾಸ್ ಮುಚ್ಚೇವಿ ಅಂತ ಬಿಸಲಿನ ಬಾಜೂಕ ಕುಂತ್ರ ಸುಡಂಗಿಲ್ಲ ಖರೆ, ಆದ್ರ ಯುವಿ-ಎ ಒಳಗ ಬರ್ತಿರ್ತೈತಿ. ದಿನಾ ಟೆಂಪೋ, ಕಾರು ಹೊಡಿಯೋರು ಎರಡೂ ಕೈ ಜೋಡಿಸಿ ಇಟ್ಟು ನೋಡ್ಕೋರಿ, ಕಿಡಕಿ ಕಡೆ ಇರೋ ಬಲಗೈ ಎಡಗೈಗಿಂತ ಒಂದು ಬಣ್ಣ ಹೆಚ್ಚು ಕಪ್ಪ ಇರ್ತೈತಿ. ಮುಂದಿನ ದೊಡ್ಡ ಗ್ಲಾಸು ಎರಡು ಪದರಿಂದು, ಅದು ಹೆಚ್ಚಿನ ಯುವಿ ತಡೀತೈತಿ, ಸೈಡಿನದು ಹಂಗಲ್ಲ.

ಮೊದಲು ಬಟ್ಟಿ, ಆಮ್ಯಾಲ ಕ್ರೀಮು

ಸನ್‌ಸ್ಕ್ರೀನ್ ಕಂಪನಿಯೋರು ಏನರ ಹೇಳ್ಲಿ, ನಾ ಅಂತೂ ಬಟ್ಟಿಗೇ ಮೊದಲ ಮಾರ್ಕ್ ಕೊಡೋದು. ಬಟ್ಟಿ ಬೆವರಿಗೆ ತೊಳದು ಹೋಗಂಗಿಲ್ಲ, ಎರಡು ತಾಸಿಗೊಮ್ಮೆ ಹಚ್ಬೇಕಂತ ಇಲ್ಲ, ಎಕ್ಸ್‌ಪೈರಿ ಡೇಟ್ ಇಲ್ಲ. ಕೂಲಿಗೆ ಹೋಗೋ ನಮ್ಮ ಹೆಣ್ಮಕ್ಕಳನ್ನ ನೋಡ್ರಿ, ಸೀರಿ ಮ್ಯಾಲ ಗಂಡಂದು ಹಳೇ ತುಂಬ ತೋಳಿನ ಅಂಗಿ, ತಲಿಗೆ ಟಾವೆಲ್ ಸುತ್ತಿ ಅದರ ಮ್ಯಾಲ ಸೆರಗು, ಕಿವಿ ಕುತ್ತಿಗಿ ಎಲ್ಲಾ ಒಳಗ. ಯಾವ ಡಾಕ್ಟರ್ ಹೇಳಿಕೊಟ್ಟಿಲ್ಲ, ಇದಕ್ಕಿಂತ ಚೊಲೋ ವ್ಯವಸ್ಥಾ ನಾ ಎಲ್ಲೂ ನೋಡಿಲ್ಲ. ಮೂಗು, ಗಲ್ಲ ಮಾತ್ರ ಹೊರಗ ಉಳೀತಾವು, ಬಂಗು ಏಳೋದೂ ಅಲ್ಲೇ.

ಗಂಡಸರ ಪಟಗಾನೂ ಗಟ್ಟಿ ಮಾಲು, ಸುತ್ತಿನ ಮ್ಯಾಲ ಸುತ್ತು, ತಲಿಗೆ ಒಂದು ಕಿರಣನೂ ಮುಟ್ಟಂಗಿಲ್ಲ. ಆದ್ರ ಮಾರಿಗೆ ನೆರಳು ಕೊಡಂಗಿಲ್ಲ. ಹಳ್ಳಿ ಕಡೆ ಯಾವ ಮುತ್ಯಾ ಆದ್ರೂ ಪಟಗಾ ತಗದಾಗ ನೋಡ್ರಿ, ಹಣಿ ಮ್ಯಾಲ ಅಡ್ಡ ಗೆರಿ ಎಳದಂಗ ಮ್ಯಾಲಿನ ಅರ್ಧ ತಿಳಿ, ಕೆಳಗಿನ ಅರ್ಧ ಕಪ್ಪ. ಆ ಮ್ಯಾಲಿನ ಅರ್ಧನ ಅವರ ಹುಟ್ಟು ಬಣ್ಣ. ಬಿಳಿ ಗಾಂಧಿ ಟೊಪ್ಪಿಗಿ ಇನ್ನೂ ಕಡಿಮಿ, ಅದು ನೆತ್ತಿಗೆ ಅಷ್ಟ, ಕಿವಿ, ಮೂಗು, ಹಿಂದಿನ ಕುತ್ತಿಗಿ ಮೂರೂ ಬಿಸಲಾಗ. ಕ್ರಿಕೆಟ್ ಕ್ಯಾಪು ಮೂಗು ಕಾಯ್ತೈತಿ, ಕಿವಿ ಬಿಡ್ತೈತಿ. ಸುತ್ತಲೂ ಮೂರು ಇಂಚು ಅಂಚು ಇರೋ ಟೊಪ್ಪಿಗಿ ಎಲ್ಲಾಕಿಂತ ಚೊಲೋ, ಮಂದಿ ನಗ್ತಾರ ಅನ್ನೋದಿದ್ರ ಕ್ಯಾಪಿನ ಕೆಳಗ ಒಂದು ಟಾವೆಲ್ ಇಳಿಬಿಟ್ಕೋರಿ, ಕಿವಿ ಕುತ್ತಿಗಿ ಮುಚ್ಚಿದ್ರ ಸಾಕು.

ಬಟ್ಟಿ ಎಂಥಾದು ಅನ್ನೋದೂ ಮುಖ್ಯ. ಬೆಳಕಿಗೆ ಹಿಡದು ನೋಡ್ರಿ, ಆ ಕಡೆದು ಕಾಣ್ತೈತಿ ಅಂದ್ರ ಯುವಿನೂ ದಾಟ್ತೈತಿ. ಬಟ್ಟಿಗೆ ಯುಪಿಎಫ್ ಅಂತ ಒಂದು ಅಳತಿ ಐತಿ, ತೆಳು ಬಿಳಿ ಕಾಟನ್ ಟೀ ಶರ್ಟಿಗೆ ಅದು 5 ರಿಂದ 7 ರ ಆಸುಪಾಸು, ಅಂದ್ರ ಬಿದ್ದ ಯುವಿದಾಗ ಐದು ಏಳರಾಗ ಒಂದು ಪಾಲು ಒಳಗ ಬಂತು. ಒದ್ದಿ ಆದ್ರ ತಡಿಯೋದು ಇನ್ನೂ ಕಡಿಮಿ. ಒತ್ತಾಗಿ ನೇದ ಬಟ್ಟಿ, ಜೀನ್ಸ್ ಬಟ್ಟಿ, ಗಾಢ ಬಣ್ಣದ್ದು ಹೆಚ್ಚು ತಡೀತಾವು. ಈಗ ನೀವು ಕೇಳ್ತೀರಿ, ನಾಲ್ವತ್ತು ಡಿಗ್ರಿ ಬಿಸಲಾಗ ಕಪ್ಪ ಅಂಗಿ ಹಾಕ್ಕೊಂಡು ಸಾಯೋಣೇನು ಅಂತ. ಬ್ಯಾಡ. ನಮ್ಮ ಊರಿಗೆ ಒತ್ತಾಗಿ ನೇದ, ಸಡಲ ಹೊಲದ, ನೀಲಿ ಇಲ್ಲಾ ಕಾಕಿ ಬಣ್ಣದ ತುಂಬ ತೋಳಿನ ಕಾಟನ್ ಅಂಗಿ ಸರಿ, ಗಾಳಿನೂ ಆಡ್ತೈತಿ ಬಿಸಲೂ ತಡೀತೈತಿ. ಮೈಗೆ ಅಂಟೋ ಬಿಗಿ ಬಟ್ಟಿ ಹಿಗ್ಗಿ ನೇಯ್ಗಿ ಬಿಡ್ತೈತಿ, ಅದು ಬ್ಯಾಡ. ಗಾಡಿ ಮ್ಯಾಲ ಹೋಗೋರು ಕೈಗೆ ಸ್ಲೀವ್ಸ್ ಹಾಕ್ಕೋತೀರಿ, ಅಂಗೈ ಹಿಂಭಾಗ ಬಿಟ್ಟು ಬಿಡ್ತೀರಿ, ಬೆರಳ ತನಕ ಬರೋದು ತಗೋರಿ.

ಸನ್‌ಸ್ಕ್ರೀನ್ ಲೆಕ್ಕಾಚಾರ

ಮುಚ್ಚಾಕ ಆಗದ ಜಾಗಾಕ್ಕ ಸನ್‌ಸ್ಕ್ರೀನ್. ಎಸ್‌ಪಿಎಫ್ ಅನ್ನೋದು ಸುಡೋ ಯುವಿ-ಬಿ ಲೆಕ್ಕ. 15 ಅಂದ್ರ ಸುಮಾರು 93 ಪರ್ಸೆಂಟ್ ತಡೀತೈತಿ, 30 ಅಂದ್ರ 97, 50 ಅಂದ್ರ 98. ನೋಡಿದ್ರಲ್ಲ, 30 ರಿಂದ 50 ಕ್ಕ ಹೋದ್ರ ಒಂದ ಪರ್ಸೆಂಟ್, 100 ಅಂತ ಬರದಿದ್ದಕ್ಕ ಡಬಲ್ ರೊಕ್ಕಾ ಕೊಡೋ ಜರೂರಿಲ್ಲ. ಕಪ್ಪಾಗೋದು ತಡ್ಯಾಕ ಯುವಿ-ಎ ಲೆಕ್ಕ ಬೇಕು, ಅದಕ್ಕ ಪ್ಯಾಕಿನ ಮ್ಯಾಲ ಪಿಎ ಅಂತ ಬರದು ಮುಂದ ಪ್ಲಸ್ ಗುರುತು ಇರ್ತಾವು, ಮೂರು ಇಲ್ಲಾ ನಾಕು ಪ್ಲಸ್ ಇರೋದು ತಗೋರಿ. ಎಸ್‌ಪಿಎಫ್ ಅಷ್ಟ ಬರದು ಪಿಎ ಆಗ್ಲಿ ಬ್ರಾಡ್ ಸ್ಪೆಕ್ಟ್ರಮ್ (ಯುವಿ-ಎ, ಯುವಿ-ಬಿ ಎರಡೂ ತಡಿಯೋದು) ಅಂತ ಆಗ್ಲಿ ಇಲ್ಲದ ಟ್ಯೂಬು ಬಿಟ್ಟು ಬಿಡ್ರಿ.

ಮುಖ್ಯ ವಿಷಯ ಎಷ್ಟು ಹಚ್ಚೋದು ಅನ್ನೋದು. ತೋರು ಬೆರಳು, ನಡು ಬೆರಳು ಎರಡರ ಮ್ಯಾಲೂ ಬುಡದಿಂದ ತುದಿ ತನಕ ಗೆರಿ ಎಳದಷ್ಟು ಕ್ರೀಮು ಮಾರಿ ಮತ್ತ ಕುತ್ತಿಗಿಗೆ ಬೇಕು. ಮಂದಿ ಶೇಂಗಾ ಕಾಳಿನಷ್ಟು ತಗೊಂಡು ಮಾರಿ ತುಂಬ ಎಳೀತಾರ, ಆಗ 50 ಅಂತ ಬರದಿದ್ದು 50 ರ ಕೆಲಸ ಮಾಡಂಗಿಲ್ಲ. ಒಂದು ಸರಳ ಪರೀಕ್ಷಾ ಐತಿ, 50 ಗ್ರಾಂ ಟ್ಯೂಬು ದಿನಾ ಎರಡು ಸಲ ಸರಿಯಾಗಿ ಹಚ್ಚಿದ್ರ ತಿಂಗಳು ತುಂಬೋದ್ರೊಳಗ ಮುಗೀಬೇಕು, ನಿಮ್ಮದು ದೀಪಾವಳಿಗೆ ತಂದಿದ್ದು ಯುಗಾದಿ ತನಕ ಬಂದೈತಿ ಅಂದ್ರ ಹಚ್ಚೋದು ಸಾಲ್ತಿಲ್ಲ ಅಂತ ಅರ್ಥ. ತುಟ್ಟಿ ಬೀಳ್ತೈತಿ, ಖರೆ. ಅದಕ್ಕ ಅಂದಿದ್ದು ಬಟ್ಟಿ ಮೊದಲು ಅಂತ, ಮೈ ತುಂಬ ಅಂಗಿ ಇದ್ರ ಕ್ರೀಮು ಮಾರಿಗೆ, ಕುತ್ತಿಗಿಗೆ, ಕೈ ಹಿಂಭಾಗಕ್ಕ ಸಾಕಾಗ್ತೈತಿ.

ಹೊರಗ ಬೀಳೋದಕ್ಕ 15-20 ಮಿನಿಟ್ ಮೊದಲ ಹಚ್ಚಿ ಒಣಗಾಕ ಬಿಡ್ರಿ. ಎರಡು ತಾಸಿಗೊಮ್ಮೆ ಮತ್ತ ಹಚ್ರಿ, ಬೆವತು ಟಾವೆಲ್‌ಲೆ ಒರಸಿದ್ರ ಆಗಿಂದಾಗ. ಮರ್ತು ಬಿಡೋ ಜಾಗಾ ಇವು: ಕಿವಿ, ಹಿಂದಿನ ಕುತ್ತಿಗಿ, ಹೆಣ್ಮಕ್ಕಳ ಬೈತಲಿ, ಕೂದಲು ಉದರಿದ ಗಂಡಸರ ನೆತ್ತಿ, ಚಪ್ಲಿ ಪಟ್ಟಿ ಬಿಟ್ಟು ಉಳದ ಕಾಲಿನ ಮ್ಯಾಲ್ಮೈ. ತುಟಿಗೆ ಎಸ್‌ಪಿಎಫ್ ಇರೋ ಲಿಪ್ ಬಾಮ್ ಸಿಗ್ತೈತಿ. ಹುಬ್ಬಿನ ಮ್ಯಾಲ ಹಣಿಗೆ ಢಾಳಾಗಿ ಹಚ್ಚಿದ್ರ ಬೆವರಿನ ಜೋಡಿ ಕಣ್ಣಾಗ ಇಳದು ಚುರುಚುರು ಅಂತೈತಿ, ಹಣಿ ಟೊಪ್ಪಿಗಿಗೆ ಬಿಡೋದು ಚೊಲೋ. ಜಿಂಕ್ ಆಕ್ಸೈಡ್ ಇರೋ ಕ್ರೀಮು ಸೂಕ್ಷ್ಮ ಚರ್ಮಕ್ಕ ಹೊಂದ್ತಾವು, ಆದ್ರ ನಮ್ಮ ಬಣ್ಣದ ಮ್ಯಾಲ ವಿಭೂತಿ ಬಡ್ಕೊಂಡಂಗ ಬೆಳ್ಳಗ ಕಾಣ್ತೈತಿ, ಬಣ್ಣ ಬೆರಸಿದ ಟಿಂಟೆಡ್ ಅನ್ನೋದು ತಗೊಂಡ್ರ ಆ ಕಿರಿಕಿರಿ ಇರಂಗಿಲ್ಲ. ಬಂಗು ಇದ್ದೋರಿಗಂತೂ ಟಿಂಟೆಡ್ ಹೆಚ್ಚು ಸರಿ, ಬಂಗು ಕಣ್ಣಿಗೆ ಕಾಣೋ ಬೆಳಕಿಗೂ ಹೆಚ್ಚ ಆಗ್ತೈತಿ, ಆ ಬಣ್ಣದಾಗಿನ ಐರನ್ ಆಕ್ಸೈಡ್ ಅದನ್ನೂ ತಡೀತೈತಿ. ಬಸುರಿ ಹೆಣ್ಮಕ್ಕಳಿಗೆ ಬಂಗು ಜಾಸ್ತಿ ಏಳ್ತೈತಿ, ಸೆರಗು ಮತ್ತ ಟಿಂಟೆಡ್ ಕ್ರೀಮು ಎರಡೂ ಇರ್ಲಿ.

ಗಾಡಿ ಡಿಕ್ಕಿದಾಗ, ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಟ್ಯೂಬು ಇಟ್ಟು ಮರೀಬ್ಯಾಡ್ರಿ, ನಮ್ಮ ಬೇಸಿಗಿ ಬಿಸಿಗೆ ಕ್ರೀಮು ಒಡದು ನೀರು ಬ್ಯಾರೆ ಎಣ್ಣಿ ಬ್ಯಾರೆ ಆಗ್ತೈತಿ, ಆಮ್ಯಾಲ ಅದು ಕೆಲಸಕ್ಕ ಬರಂಗಿಲ್ಲ. ಕೂಡಲಸಂಗಮ, ಆಲಮಟ್ಟಿ ಹಿನ್ನೀರು, ಕಾಲುವಿ ಕಡೆ ನೀರಿಗೆ ಇಳಿಯೋರಿಗೆ: ನೀರಾಗ ತಂಪ ಅನ್ಸಿದ್ರೂ ಅರ್ಧ ಮೀಟರ್ ಆಳಕ್ಕೂ ಮ್ಯಾಲಿನ ಯುವಿದಾಗ 40 ಪರ್ಸೆಂಟಿನಷ್ಟು ಬರ್ತೈತಿ. ವಾಟರ್ ರೆಸಿಸ್ಟೆಂಟ್ ಅಂತ ಬರದಿದ್ರೂ 40 ಇಲ್ಲಾ 80 ಮಿನಿಟಿನ ಮಾತದು.

ನಾವು ಮೊದಲ ಕರ್ರಗ ಅದೀವಿ, ನಮಗ್ಯಾಕ ಇದೆಲ್ಲಾ ಅನ್ನೋರು ಅದಾರ. ಕಪ್ಪು ಚರ್ಮಕ್ಕ ಮೆಲನಿನ್ ಅನ್ನೋದು ಸ್ವಲ್ಪ ಕಾವಲು ಕೊಡ್ತೈತಿ, ಬಿಳೇ ಮಂದಿಗೆ ಹೋಲಿಸಿದ್ರ ನಮಗ ಚರ್ಮದ ಕ್ಯಾನ್ಸರ್ ಭಾಳ ಕಡಿಮಿ, ಇದು ಖರೆ. ಆದ್ರ ಬಂಗು, ಕಲಿ, ಸುಕ್ಕು, ಕಣ್ಣಿನ ಪೊರಿ ನಮ್ಮನ್ನೇನ್ ಬಿಟ್ಟಿಲ್ಲ. ಬೆಳ್ಳಗ ಆಗಾಕ ಅಂತ ಹಚ್ಚೋದ್ರೆ ಬ್ಯಾಡ, ಸನ್‌ಸ್ಕ್ರೀನ್ ಯಾರನ್ನೂ ಬೆಳ್ಳಗ ಮಾಡಂಗಿಲ್ಲ.

ಹಚ್ಚಬಾರದ್ದು

ಇಂಡಿ ಕಡೆ ಲಿಂಬಿ ತೋಟ ಎಷ್ಟು ಅದಾವು ಗೊತ್ತಲ್ಲ, ನಮ್ಮ ಮನಿ ಮನ್ಯಾಗ ಲಿಂಬಿಹಣ್ಣು. ಕಪ್ಪಾಗಿದ್ದಕ್ಕ ಲಿಂಬಿ ತಿಕ್ಕೋದು ಒಂದು ಚಟ ಆಗೇತಿ. ಲಿಂಬಿ ರಸದಾಗ, ಅದರಾಗೂ ಸಿಪ್ಪಿದಾಗ, ಫ್ಯುರೊಕೌಮರಿನ್ ಅನ್ನೋ ಅಂಶ ಐತಿ, ಅದು ಚರ್ಮದ ಮ್ಯಾಲ ಇರೋವಾಗ ಬಿಸಲು ಬಿದ್ರ ಯುವಿ-ಎ ಜೋಡಿ ಕೂಡಿ ಖರೇನ ಸುಡ್ತೈತಿ. ತಕ್ಷಣ ಗೊತ್ತಾಗಂಗಿಲ್ಲ, ಒಂದೆರಡು ದಿನಕ್ಕ ಕೆಂಪಗಾಗಿ ಬೊಬ್ಬಿ ಏಳ್ತಾವು, ಆಮ್ಯಾಲ ರಸ ಹರದ ಗೆರಿಗುಂಟ ಕಪ್ಪು ಕಲಿ ತಿಂಗಳಗಟ್ಟಲೆ ಉಳೀತಾವು. ಜಾತ್ರ್ಯಾಗ ಬಿಸಲಾಗ ನಿಂತು ಶರಬತ್ತು ಮಾಡೋರ ಬೆರಳ ಸಂದಿ, ಮುಂಗೈ ನೋಡ್ರಿ, ಇಂಥಾ ಕಲಿ ಕಾಣಬಹುದು. ಲಿಂಬಿ ಹಿಂಡಿದ್ರ ಸಬಕಾರ ಹಚ್ಚಿ ಕೈ ತೊಳದ ಬಿಸಲಿಗೆ ಹೋಗ್ರಿ. ಶರಬತ್ತು ಕುಡೀರಿ, ಅದಕ್ಕ ಅಡ್ಡಿ ಇಲ್ಲ.

ಅರಿಷಿಣ, ಕಡ್ಲಿ ಹಿಟ್ಟು, ಕೊಬ್ಬರಿ ಎಣ್ಣಿ ಹಚ್ಕೋರಿ, ಚರ್ಮ ಮೆತ್ತಗ ಆಗ್ತೈತಿ, ಸನ್‌ಸ್ಕ್ರೀನ್ ಕೆಲಸ ಮಾತ್ರ ಅವು ಮಾಡಂಗಿಲ್ಲ.

ಅವಕ್ಕಿಂತ ಅಪಾಯ ಮೆಡಿಕಲ್‌ದಾಗ ಚೀಟಿ ಇಲ್ಲದ ಕೊಡೋ ಟ್ಯೂಬು. ಬಾಜೂ ಮನಿ ವೈನಿಗೆ ಎಂಟು ದಿನದಾಗ ಮಾರಿ ಬೆಳ್ಳಗಾತು ಅಂತ ನಾವೂ ಅದನ್ನ ತರ್ತೀವಿ. ಪ್ಯಾಕಿನ ಹಿಂದ ಓದ್ರಿ, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ರ ಅದು ಸ್ಟಿರಾಯ್ಡ್. ಮೊದಲ ತಿಳಿ ಆಗ್ತೈತಿ, ಆಮ್ಯಾಲ ಚರ್ಮ ತೆಳು ಆಗಿ ಕೆಂಪು ನರ ಕಾಣ್ತಾವು, ಬಿಸಲಿಗೆ ಹೋದ್ರ ಮಾರಿ ಉರಿ ಹತ್ತತೈತಿ, ಬಿಟ್ರ ಮೊಡವಿ ಸಿಡೀತಾವು. ಹಚ್ಚಾಕತ್ತು ಭಾಳ ದಿನ ಆಗಿದ್ರ ಒಮ್ಮೆಲೆ ಬಿಡೋದಕ್ಕೂ ಚರ್ಮದ ಡಾಕ್ಟರನ್ನ ಕೇಳ್ರಿ.

ನುಂಗೋ ಗುಳಗಿನೂ ಕೆಲವು ಬಿಸಲಿಗೆ ಚರ್ಮ ಸೂಕ್ಷ್ಮ ಮಾಡ್ತಾವು. ಮೊಡವಿಗೆ, ಜ್ವರಕ್ಕ ಕೊಡೋ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಝೈಡ್ ಈ ಪೈಕಿ. ಗುಳಗಿ ಬಿಡಬ್ಯಾಡ್ರಿ, ಬಿಸಲು ಬಿಡ್ರಿ. ಮೊಡವಿಗೆ, ಸುಕ್ಕಿಗೆ ಅಂತ ರಾತ್ರಿ ಹಚ್ಚೋ ರೆಟಿನಾಯ್ಡ್ ಕ್ರೀಮು ರಾತ್ರಿಗೇ ಇರ್ಲಿ.

ಇನ್ನ ಹೊಲ, ಬದು ತಿರುಗೋರಿಗೆ ಕಾಂಗ್ರೆಸ್ ಕಸ. ಕುತ್ತಿಗಿ, ಕಣ್ರೆಪ್ಪಿ, ಮೊಳಕೈ ಮಡಚೋ ಜಾಗಾದಾಗ ತುರಿಕಿ ಎದ್ದು ಚರ್ಮ ದಪ್ಪಗ ಕಪ್ಪಗ ಆತಂದ್ರ ಬಿಸಲಿನ ಅಲರ್ಜಿ ಅಂತ ಎಲ್ಲಾರೂ ತಿಳೀತಾರ, ಭಾಳ ಸಲ ಅದು ಈ ಕಸದ್ದು, ಗಾಳ್ಯಾಗ ಹಾರಿ ಬಂದು ಮೈ ಹತ್ತತೈತಿ. ವರ್ಷಗಟ್ಟಲೆ ಬಿಟ್ರ ಆಮ್ಯಾಲ ಬಿಸಲೂ ತಡೀದಂಗ ಆಗ್ತೈತಿ. ಬರೇ ಸನ್‌ಸ್ಕ್ರೀನಿಗೆ ಇದು ಬಗ್ಗಂಗಿಲ್ಲ, ಕಸ ಕೀಳೋವಾಗ ಕೈಗವಸು, ತುಂಬ ತೋಳು ಬೇಕ, ಮನಿಗೆ ಬಂದ ಕೂಡ್ಲೆ ಜಳಕ.

ಕಣ್ಣು, ಕೂಸು

ಜಾತ್ರ್ಯಾಗ ನೂರು ರೂಪಾಯಿಗೆ ಸಿಗೋ ಕರೇ ಚಾಳೀಸು ಬ್ಯಾಡ್ರಿ. ಗ್ಲಾಸು ಕಪ್ಪ ಇದ್ದಷ್ಟು ಕಣ್ಣಿನ ಪಾಪಿ ಅಗಲ ತಕ್ಕೋತೈತಿ, ಯುವಿ ತಡಿಯೋ ಗುಣ ಇಲ್ಲದಿದ್ರ ಮೊದಲಿಗಿಂತ ಹೆಚ್ಚು ಒಳಗ ಹೋಗ್ತೈತಿ. ಯುವಿ 400 ಅಂತ, ಅಂದ್ರ ಯುವಿ ತಡಿಯೋ ಗುರುತು ಇರೋದು ತಗೋರಿ, ಬಣ್ಣ ತಿಳಿ ಇದ್ರೂ ನಡೀತೈತಿ. ವರ್ಷಾನುಗಟ್ಟಲೆ ಬಿಸಲು ಧೂಳಿನ್ಯಾಗ ದುಡಿಯೋರ ಕಣ್ಣಿನ ಮೂಲ್ಯಾಗಿಂದ ಕರೀ ಗುಡ್ಡಿ ಕಡೆ ಮಾಂಸದ ಪದರು ಬೆಳ್ಯೋದು ನೋಡಿರ್ತೀರಿ, ಅದಕ್ಕೂ ಯುವಿ ಒಂದು ಕಾರಣ.

ಆರು ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನ್ ಬ್ಯಾಡ, ನೆರಳು ಮತ್ತ ಕುಂಚಿಗಿ ಸಾಕು. ಎಣ್ಣಿ ಹಚ್ಚಿ ಬಿಸಲಿಗೆ ಹಾಕೋ ರೂಢಿ ಇದ್ರ ಮುಂಜಾನೆ ಎಳೇ ಬಿಸಲಾಗ, ನೆರಳು ಉದ್ದ ಇರೋವಾಗ, ನಾಕೈದು ಮಿನಿಟು. ದೊಡ್ಡ ಹುಡುಗ್ರು ಸೂಟ್ಯಾಗ ಕ್ರಿಕೆಟ್ ಆಡಾಕ ಹೋದ್ರ ಸಂಜಿ ತನಕ ಮನಿ ನೆನಪ ಇರಂಗಿಲ್ಲ, ಕ್ಯಾಪು, ಕಾಲರ್ ಇರೋ ಅಂಗಿ ಹಾಕಿಸಿ ಕಳಸ್ರಿ, ಕ್ರೀಮು ಅವರ ಕಡಿಂದ ಎರಡು ತಾಸಿಗೊಮ್ಮೆ ಹಚ್ಚಸ್ತೀನಿ ಅನ್ನೋದು ಆಗದ ಮಾತು.

ಸುಟ್ಟ ಮ್ಯಾಲ

ತಣ್ಣೀರಿನ ಒದ್ದಿ ಅರಿವಿ ಹತ್ತು ಹದಿನೈದು ಮಿನಿಟು ಇಡ್ರಿ, ದಿನಕ್ಕ ಮೂರ್ನಾಕು ಸಲ. ಐಸು ನೇರ ಇಡಬ್ಯಾಡ್ರಿ. ಒರಸೋವಾಗ ತಿಕ್ಕಬ್ಯಾಡ್ರಿ, ಒತ್ತಿ ತೆಗೀರಿ, ಚರ್ಮ ಇನ್ನೂ ಹಸಿ ಇರೋವಾಗ ವಾಸನಿ ಇಲ್ಲದ ಮಾಯಿಶ್ಚರೈಸರ್ ಇಲ್ಲಾ ಲೋಳಸರದ ತಿರುಳು ಹಚ್ರಿ. ಲೋಳಸರ ಕೊಯ್ದ ಕೂಡ್ಲೆ ಹಳದಿ ರಸ ಇಳೀತೈತಿ, ಅದು ತುರಿಸ್ತೈತಿ, ಅದನ್ನ ಪೂರಾ ಬಸಿದು ತೊಳದು ಒಳಗಿನ ಬಿಳೇದಷ್ಟ ತಗೋರಿ. ಟೂತ್‌ಪೇಸ್ಟು, ಸುಣ್ಣ ಮುಟ್ಟಸಬ್ಯಾಡ್ರಿ. ನೀರು, ಮಜ್ಜಿಗಿ ಹೆಚ್ಚ ಕುಡೀರಿ. ಬೊಬ್ಬಿ ಎದ್ರ ಒಡೀಬ್ಯಾಡ್ರಿ. ಸಿಪ್ಪಿ ಏಳೋವಾಗ ಎಳೀಬ್ಯಾಡ್ರಿ, ಅದು ಉದರೋ ತನಕ ಆ ಜಾಗಾ ಬಟ್ಟಿ ಒಳಗ ಇರ್ಲಿ. ಬೊಬ್ಬಿ ಭಾಳ ಜಾಗಾಕ್ಕ ಎದ್ರ, ಜ್ವರ, ಚಳಿ, ವಾಂತಿ ಬಂದ್ರ ದವಾಖಾನಿಗೆ ಹೋಗ್ರಿ. ಬಿಸಲಾಗಿಂದ ಬಂದೋರು ಮಾತು ತೊದಲಾಕ ಹತ್ತಿದ್ರ, ಎಚ್ಚರ ತಪ್ಪಿದ್ರ ಅದು ಚರ್ಮದ ವಿಷಯ ಅಲ್ಲ, ಬಿಸಲು ಬಡದೈತಿ, ಮೈಗೆ ನೀರು ಹಾಕ್ಕೋತ ಗಾಳಿ ಬೀಸ್ಕೋತ ಆಗಿಂದಾಗ ದವಾಖಾನಿ.

ಸುಟ್ಟಿದ್ದು ವಾರದಾಗ ಮಾಯ್ತೈತಿ, ಕಪ್ಪಾಗಿದ್ದು ತಿಳಿ ಆಗಾಕ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳಗಟ್ಟಲೆ ಬೇಕು. ಆ ನಡುವ ಬಿಸಲು ಬೀಳದಂಗ ನೋಡ್ಕೊಳ್ಳೋದ ಔಷಧ. ಬಂಗು ಮಾತ್ರ ತಾನಾಗೇ ಹೋಗೋದು ಕಡಿಮಿ. ಗಲ್ಲದ ಮ್ಯಾಲಿನ ಕಲಿ ಹಬ್ಬಾಕತ್ರ, ತುಟಿ ಮ್ಯಾಲ ಇಲ್ಲಾ ಬೋಳು ತಲಿ ಮ್ಯಾಲ ತಿಂಗಳಾದ್ರೂ ಮಾಯದ ಹುಣ್ಣು ಇದ್ರ, ಮಚ್ಚಿ ಆಕಾರ ಬಣ್ಣ ಬದಲಾಗಾಕತ್ರ ಚರ್ಮದ ಡಾಕ್ಟರ ಕಡೆ ಹೋಗ್ರಿ. ಹೋಗೋವಾಗ ಇಲ್ಲೀತನಕ ಹಚ್ಕೊಂಡಿದ್ದು ಎಲ್ಲಾ ಟ್ಯೂಬು, ನುಂಗೋ ಗುಳಗಿ ಒಂದು ಕೈಚೀಲದಾಗ ಹಾಕ್ಕೊಂಡ ಹೋಗ್ರಿ, ಬಿಳೇ ಟ್ಯೂಬ್ ರೀ, ಗುಲಾಬಿ ಮುಚ್ಚಳ ಇತ್ತು ಅಂದ್ರ ಅವರಿಗರ ಏನ್ ತಿಳೀಬೇಕು.